ಕೆಳಗಿನ ಅಂಚು ಹಿಡಿದವರು

ಆ ದಿನದ ಗಾಳಿಯಿಂದಲೇ ನಾನು ಯಾವಾಗಲೂ ಶುರು ಮಾಡುವುದು. ಉಪನ್ಯಾಸಕ್ಕೆ ಕರೆದ ಕಡೆಯೆಲ್ಲ ಇದನ್ನೇ ಹೇಳಿದ್ದೇನೆ. ತೊಗರ್ಸಿ ದಾರಿಯಲ್ಲೊಂದು ಕೆರೆ. ಕೆರೆಯ ಮೆಟ್ಟಿಲ ಬದಿಗೆ ಬಟ್ಟೆ ಒಗೆಯುವ ಕಲ್ಲು. ಸೋಪಿನ ಜಿಡ್ಡು ಕೆರೆದರೆ ಕೆಳಗೆ ಹಳೆಯ ಅಕ್ಷರ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ ಅವರು ಬ್ರಷ್ಷಿನಿಂದ ಬಡಿಯುತ್ತಿದ್ದಾರೆ, ಗಾಳಿ ಕಾಗದವನ್ನು ಎತ್ತಿ ಹರಿಯಲು ನೋಡುತ್ತಿದೆ, ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಾನು ಮಂಡಿಯೂರಿದ್ದೇನೆ. ಸೋಪಿನ ನೀರು ಸೀರೆಗೆ ಏರುತ್ತಿದೆ. ಸಭೆಗೆ ಈ ಸೋಪಿನ ನೀರು ತುಂಬ ಹಿಡಿಸುತ್ತದೆ. ಹಿಂದಿನ ಸಾಲಿನವರೂ ಮೊಬೈಲಿನಿಂದ ತಲೆ ಎತ್ತುತ್ತಾರೆ.

ಕಾಗದ ಬಡಿಯುತ್ತಿದ್ದ ಆ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಶಿಕಾರಿಪುರದ ನಮ್ಮ ಕಾಲೇಜಿನಲ್ಲಿ ನನ್ನ ಜೊತೆ ಇತಿಹಾಸ ಪಾಠ ಮಾಡುತ್ತಿದ್ದವರು. ನಾನು ಕಾಯಂ, ಅವರು ಅತಿಥಿ ಉಪನ್ಯಾಸಕರು. ವಯಸ್ಸಿನಲ್ಲಿ, ಓದಿನಲ್ಲಿ, ಪಾಠದಲ್ಲಿ ನನಗಿಂತ ಹಿರಿಯರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರ ಹೆಸರು ಕೊನೆಯ ಪುಟದಲ್ಲಿರುತ್ತಿತ್ತು.

ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮರೆತಿಲ್ಲ. ಬರೆಯುವ ಹಕ್ಕು ನನಗೆ ಇನ್ನೂ ಬಂದಿಲ್ಲ. ಯಾಕೆಂದು ಮುಂದೆ ಬರುತ್ತದೆ. ಹುಡುಗರು ಅವರನ್ನು ಮಸಿ ಸರ್ ಎನ್ನುತ್ತಿದ್ದರು. ಬಲಗೈಯ ಉಗುರುಗಳ ಸಂದಿನಲ್ಲಿ ಕಪ್ಪು ಮಸಿ ಸದಾ ಇರುತ್ತಿತ್ತು. ಊಟಕ್ಕೆ ಮುಂಚೆ ನಿಂಬೆಹೋಳಿನಿಂದ ತಿಕ್ಕುತ್ತಿದ್ದರು. ಹೋಗುತ್ತಿರಲಿಲ್ಲ.

ಶಾಸನದ ಕಲ್ಲುಗಳಿಂದ ಅಚ್ಚು ತೆಗೆಯುವುದು ಅವರ ಹುಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಅದು ಅಕ್ಷರಗಳ ಗುಂಡಿಯೊಳಕ್ಕೆ ಇಳಿಯುವ ಹಾಗೆ ಬ್ರಷ್ಷಿನಿಂದ ಬಡಿಯಬೇಕು. ಆಮೇಲೆ ಹಳೆಯ ಬನಿಯನ್ನಿನಲ್ಲಿ ಹತ್ತಿ ಕಟ್ಟಿದ ಗಂಟನ್ನು ಮಸಿಗೆ ಅದ್ದಿ ಮೇಲೆ ಮೇಲೆ ಒತ್ತುತ್ತ ಹೋಗಬೇಕು. ಒಣಗಿ ಬಿಡಿಸಿದರೆ ಕಪ್ಪು ಕಾಗದದಲ್ಲಿ ಬಿಳಿ ಅಕ್ಷರ. ಇದನ್ನು ಯಾರಿಂದ ಕಲಿತರು ಎಂದು ನಾನು ಕೇಳಿದ್ದೆನೋ, ಅವರು ಹೇಳಿದ್ದರೋ, ನೆನಪಿಲ್ಲ. ಅವರಾಗಿದ್ದರೆ ಇಂಥ ಕಡೆ ಚುಕ್ಕೆ ಇಡುತ್ತಿದ್ದರು.

ಚುಕ್ಕೆಯೆಂದರೆ ಅವರಿಗೆ ಧರ್ಮ. ಶಾಸನ ಓದುವಾಗ ಸವೆದುಹೋದ ಅಕ್ಷರವೊಂದಕ್ಕೆ ಒಂದು ಚುಕ್ಕೆ ಇಡುವುದು ಎಲ್ಲರೂ ಮಾಡುವ ಕೆಲಸವೇ. ಇವರು ಅದನ್ನು ಬದುಕಿನ ಉಳಿದ ಕಡೆಗೂ ಎಳೆದಿದ್ದರು. ತರಗತಿಯಲ್ಲಿ ಹಾಜರಿ ಕೂಗುವಾಗ ಉತ್ತರ ಬಂತೋ ಇಲ್ಲವೋ ಅನುಮಾನವಾದರೆ ಹಾಜರೂ ಹಾಕುತ್ತಿರಲಿಲ್ಲ, ಗೈರೂ ಹಾಕುತ್ತಿರಲಿಲ್ಲ, ಚುಕ್ಕೆ. ಒಮ್ಮೆ ಕಿರುಪರೀಕ್ಷೆಯಲ್ಲಿ ಒಬ್ಬ ಇಡೀ ಪುಟಕ್ಕೆ ಚುಕ್ಕೆ ಇಟ್ಟು ಕೊಟ್ಟ.

"ಇದೆಂತದು ಮಾರಾಯಾ?"

"ಗೊತ್ತಿಲ್ಲದಿದ್ರೆ ಚುಕ್ಕೆ ಇಡ್ರಿ ಅಂದಿದ್ರಲ್ಲ ಸರ."

ಮಸಿ ಸರ್ ಕನ್ನಡಕ ಏರಿಸಿ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಚುಕ್ಕೆ ಎಲ್ಲ ಸರಿ ಅದಾವೆ. ಅವುಗಳ ಮಧ್ಯ ಒಂದಾದ್ರೂ ಅಕ್ಷರ ಬೇಕಲ್ಲೋ. ಕಲ್ಲೂ ನಿನ್ನಷ್ಟು ಸವೆಯಂಗಿಲ್ಲ." ಇಡೀ ತರಗತಿ ನಕ್ಕಿತು, ಅವನೂ ನಕ್ಕ. ಆ ಹುಡುಗನನ್ನು ಮುಂದಿನ ಭಾನುವಾರ ಜೊತೆಗೆ ಕರೆದುಕೊಂಡು ಹೋಗಿ ಕಾಗದದ ಅಂಚು ಹಿಡಿಸಿದರು ಎಂದು ಕೇಳಿದ್ದೇನೆ.

ಅಂಚು ಹಿಡಿಯಲು ಅವರಿಗೆ ಯಾರಾದರೂ ಬೇಕೇ ಬೇಕಿತ್ತು. ಮೇಲೊಬ್ಬರು, ಕೆಳಗೊಬ್ಬರು. ಹೋದ ಊರಿನಲ್ಲಿ ಸಿಕ್ಕವರನ್ನೇ ಕರೆಯುತ್ತಿದ್ದರು. ನಾನು ಫೋನಿನಲ್ಲಿ ಕಲ್ಲಿನ ಸುತ್ತ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅದನ್ನು ಮೂರು ಆಯಾಮದ ರೂಪಕ್ಕೆ ತಂದು, ಪಕ್ಕದಿಂದ ಬೆಳಕು ಬಿಟ್ಟು ತೋರಿಸಿದಾಗ ಅವರು ಬೆರಗಿನಿಂದ ನೋಡಿದರು. ತಿರುಗಿಸ್ರಿ, ಇನ್ನೊಮ್ಮೆ ತಿರುಗಿಸ್ರಿ ಎಂದು ಕಾಡಿದರು. ಹೊಸದನ್ನು ಕಂಡು ಮೂಗು ಮುರಿಯುವ ಹಳಬರಾಗಿರಲಿಲ್ಲ. ಕೊನೆಗೆ ಒಂದೇ ಮಾತು ಹೇಳಿದರು: "ಭಾರಿ ಚೆನ್ನಾಗಿದೆ ಕಣ್ರೀ. ಆದ್ರೆ ಇದಕ್ಕೆ ಯಾರೂ ಅಂಚು ಹಿಡಿಯಂಗಿಲ್ಲ, ಅಲ್ವಾ?" ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ.

ಅಚ್ಚು ಒಣಗಿದ ಮೇಲೆ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಏನನ್ನೋ ಬರೆದು ಸುತ್ತಿಡುತ್ತಿದ್ದರು. ಅಳತೆ ಇರಬೇಕು ಎಂದುಕೊಂಡಿದ್ದೆ. ತಿರುಗಿಸಿ ನೋಡಿರಲಿಲ್ಲ. ಶಾಸನ ಇರುವುದು ಮುಂಭಾಗದಲ್ಲಿ ತಾನೆ.

ಅತಿಥಿ ಉಪನ್ಯಾಸಕರ ಕೆಲಸ ಪ್ರತಿ ವರ್ಷ ಏಪ್ರಿಲ್ಲಿಗೆ ಮುಗಿಯುತ್ತದೆ. ಮತ್ತೆ ತರಗತಿ ಶುರುವಾಗುವಾಗ ಹೊಸದಾಗಿ ಅರ್ಜಿ ಹಾಕಬೇಕು. ಸಿಬ್ಬಂದಿಯ ವಾಟ್ಸಾಪ್ ಗುಂಪಿನಿಂದ ಅವರನ್ನು ಏಪ್ರಿಲ್‌ನಲ್ಲಿ ತೆಗೆಯುತ್ತಿದ್ದೆವು, ಸೇರಿದ ಮೇಲೆ ಮತ್ತೆ ಸೇರಿಸುತ್ತಿದ್ದೆವು. ಅವರೂ ಆಫೀಸಿನ ಕ್ಲರ್ಕೂ ಇದನ್ನೊಂದು ಆಟ ಮಾಡಿಕೊಂಡಿದ್ದರು.

"ಬರ್ರಿ ಸರ, ಹೊಸದಾಗಿ ಸೇರಾಕ ಬಂದೀರೇನು? ಯಾವೂರು ತಮ್ದು?"

"ಸೊರಬ ತಾಲ್ಲೂಕು, ಕುಪ್ಪಗಡ್ಡೆ ಕಣ್ರೀ. ಅನುಭವ ಎಂತದೂ ಇಲ್ಲ. ದೊಡ್ಡ ಮನಸು ಮಾಡಿ ಸೇರಿಸ್ಕಳ್ಳಿ."

"ನೋಡೋಣಂತ. ಮುಖ ನೋಡಿದ್ರ ಒಳ್ಳೆ ಮನಿತನದೋರ ಹಂಗ ಕಾಣ್ತೀರಿ."

ಪ್ರತಿ ವರ್ಷ ಇದೇ ಮಾತು, ಇದೇ ನಗು. ನಾನೂ ನಗುತ್ತಿದ್ದೆ. ಪ್ರತಿ ವರ್ಷ ಬಿಟ್ಟುಹೋಗುವ ಮನುಷ್ಯನಿಗೆ ಬೀಳ್ಕೊಡುಗೆ ಮಾಡುವುದು ಯಾವ ವರ್ಷ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಕೊನೆಗೂ ಮಾಡಲಿಲ್ಲ.

ಆಮೇಲೆ ನಿಯಮ ಬದಲಾಯಿತು. ಅರ್ಜಿಯಲ್ಲಿ 'ಪ್ರಕಟಣೆಗಳು' ಎಂಬ ಕಾಲಂ ಬಂತು. ಸಂಶೋಧನಾ ಲೇಖನವಿದ್ದರೆ ಅಂಕ, ಅಂಕ ಇದ್ದರೆ ಪಟ್ಟಿಯಲ್ಲಿ ಮೇಲಿನ ಜಾಗ. ಅವರ ಹತ್ತಿರ ಸುತ್ತಿಟ್ಟ ಅಚ್ಚುಗಳಿದ್ದವು, ಲೇಖನ ಇರಲಿಲ್ಲ. ಆಗಲೇ ಆ ಬಟ್ಟೆ ಒಗೆಯುವ ಕಲ್ಲು ಸಿಕ್ಕಿತ್ತು. ಅಚ್ಚು ಅವರದು, ಓದು ಅವರದು, ಅಕ್ಷರ ಅಕ್ಷರವಾಗಿ ಬಿಡಿಸಿ ಬರೆದ ಪಾಠ ಅವರದು. "ಮೇಡಂ, ಇದನ್ನ ಇಬ್ರೂ ಸೇರಿ ಲೇಖನ ಮಾಡೋಣ್ರಿ. ನಿಮಗೆ ಇಂಗ್ಲಿಷ್ ಬರುತ್ತೆ, ನನಗೂ ಆ ಕಾಲಂಗೆ ಒಂದು ಆಗ್ತದೆ," ಎಂದರು. ಖಂಡಿತ ಸರ್ ಎಂದೆ. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ.

ಶಾಸನದ ಕೊನೆಯ ಸಾಲಿನಲ್ಲಿ ಕೆರೆ ಕಟ್ಟಿಸಿದವರ ಹೆಸರಿತ್ತು. ಬಟ್ಟೆ ಬಡಿದು ಬಡಿದು ಸವೆದದ್ದು ಅದೇ ಸಾಲು. ಅವರು ಅಲ್ಲಿ ಐದು ಚುಕ್ಕೆ ಇಟ್ಟಿದ್ದರು. ಉಳಿದ ಗೀರುಗಳನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದಾಗ ನನಗೆ ಅಲ್ಲೊಬ್ಬ ಹೆಂಗಸಿನ ಹೆಸರು ಕಂಡಿತು. ಕಂಡಿತೋ, ಕಾಣಬೇಕೆಂದು ನೋಡಿದೆನೋ. ಹೆಂಗಸು ಕಟ್ಟಿಸಿದ ಕೆರೆ ಎಂದರೆ ಲೇಖನಕ್ಕೊಂದು ಬೆನ್ನೆಲುಬು ಬರುತ್ತಿತ್ತು. ಚೌಕ ಆವರಣದೊಳಗೆ ಆ ಹೆಸರು ಬರೆದು, ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ.

ಲೇಖನ ಕಳಿಸಿದ್ದು ಏಪ್ರಿಲ್ ಕೊನೆಗೆ. ಪತ್ರಿಕೆಯ ವೆಬ್‌ಸೈಟಿನಲ್ಲಿ 'ಇನ್ನೊಬ್ಬ ಲೇಖಕರನ್ನು ಸೇರಿಸಿ' ಎಂಬ ಗುಂಡಿ ಇತ್ತು. ಒತ್ತಿದೆ. ಸಂಸ್ಥೆಯ ಹೆಸರು ಕೇಳಿತು. ಏಪ್ರಿಲ್‌ನಲ್ಲಿ ಅವರಿಗೆ ಸಂಸ್ಥೆ ಇರಲಿಲ್ಲ. ಮೇಲ್ ವಿಳಾಸ ಕೇಳಿತು, ಅದೂ ಇರಲಿಲ್ಲ. ಎರಡೂ ಚೌಕಗಳು ಕೆಂಪಾದವು. ಕುಪ್ಪಗಡ್ಡೆಗೆ ಒಂದು ಫೋನ್ ಮಾಡಿ, ಹತ್ತು ನಿಮಿಷದಲ್ಲಿ ನಾನೇ ಅವರಿಗೊಂದು ಮೇಲ್ ವಿಳಾಸ ಮಾಡಿಕೊಡಬಹುದಿತ್ತು. 'ರದ್ದು' ಒತ್ತಿದೆ. ಕೊನೆಯ ಟಿಪ್ಪಣಿಯಲ್ಲಿ "ಅಚ್ಚು ತೆಗೆಯಲು ನೆರವಾದ ಸ್ಥಳೀಯ ಮಿತ್ರರೊಬ್ಬರಿಗೆ ಕೃತಜ್ಞತೆಗಳು" ಎಂದು ಸೇರಿಸಿದೆ. ಸೇರಿಸಿದಾಗ ಮನಸ್ಸು ಹಗುರವಾದದ್ದೂ ನೆನಪಿದೆ. ಬೇಡದ್ದು ಎಷ್ಟು ಸ್ಪಷ್ಟವಾಗಿ ನೆನಪಿರುತ್ತದೆ.

ಅರ್ಜಿಯ ದಿನ ಬಂತು. ಮಸಿ ಸರ್ ಫೈಲು ಹಿಡಿದು ಕ್ಲರ್ಕಿನ ಮುಂದೆ ಕೂತಿದ್ದರು, ನಾನೂ ಅಲ್ಲೇ ಬೀರುವಿನ ಪಕ್ಕ ನಿಂತಿದ್ದೆ. ಆ ಸಲ ಆಟದ ಮಾತು ಮುಗಿದ ಮೇಲೆ ಕ್ಲರ್ಕ್ ಪುಟ ತಿರುವಿ ಹೇಳಿದರು: "ಸರ, ನಿಮ್ದು ಪ್ರಕಟಣೆ ಕಾಲಂ ಖಾಲಿ ಐತಿ."

"ಐತ್ರೀ, ಮೇಡಂ ಹತ್ರ ಐತೆ. ಈಗ ಬಂದದ್ದು, ಹೊಸದು." ನನ್ನತ್ತ ತಿರುಗಿದರು. ಮುಖದಲ್ಲಿ ಹಬ್ಬ ಇತ್ತು.

ಬೀರುವಿನಿಂದ ಪತ್ರಿಕೆ ತೆಗೆದುಕೊಟ್ಟೆ. ಶೀರ್ಷಿಕೆಯ ಕೆಳಗೆ ನೋಡಿದರು. ಕೊನೆಯ ಪುಟ ತೆರೆದರು. ಮತ್ತೆ ಮೊದಲ ಪುಟ. ಕ್ಲರ್ಕ್ ಕುತ್ತಿಗೆ ಚಾಚಿದರು. "ಎಲ್ಲೈತಿ ಸರ, ನಿಮ್ಮ ಹೆಸ್ರು?"

ಮಸಿ ಸರ್ ಪತ್ರಿಕೆ ಮುಚ್ಚಿದರು. "ಇದಲ್ಲ ಬಿಡ್ರಿ. ಇದು ಮೇಡಂದು. ನಂದು ಬೇರೆದು, ಅದಿನ್ನೂ ಅಚ್ಚಾಗಿಲ್ಲ. ನಂಗೇ ತಪ್ಪು ತಿಳಿದಿತ್ತು."

ನನ್ನನ್ನು ಕ್ಲರ್ಕಿನ ಮುಂದೆ ಕಾಪಾಡಿದರು. ನಾನು ಬೀರುವಿನ ಬಾಗಿಲು ಮುಚ್ಚಿದೆ. ಕಾಲಂನಲ್ಲಿ ಗೆರೆ ಎಳೆಯಿರಿ ಎಂದು ಕ್ಲರ್ಕ್ ಹೇಳಿದರು, ಅವರು ಗೆರೆ ಎಳೆದರು.

ಹೊರಗೆ ಕಾರಿಡಾರಿನಲ್ಲಿ ಹಿಂದೆ ಓಡಿದೆ. "ಸರ್, ಫಾರಂನಲ್ಲಿ ಎಲ್ಲರದೂ ಮೇಲ್ ಕೇಳ್ತಿತ್ತು. ನಿಮ್ಮದು ಇರಲಿಲ್ಲ. ಮುಂದಿನ ಸಲ ಖಂಡಿತ..."

"ಹೌದನ್ರಿ, ನಂದು ಮೇಲ್ ಇಲ್ಲ," ಎಂದರು, ತಪ್ಪು ತಮ್ಮದೇ ಎನ್ನುವಂತೆ. ಕೈಯಲ್ಲಿ ಪತ್ರಿಕೆ ಇನ್ನೂ ಇತ್ತು. ತೆರೆದು ಶಾಸನಪಾಠದ ಕೊನೆಯ ಸಾಲಿನ ಮೇಲೆ ಆ ಕಪ್ಪು ಉಗುರು ಇಟ್ಟರು. "ಇಲ್ಲಿ ಐದು ಚುಕ್ಕೆ ಇದ್ವಲ್ಲ ಮೇಡಂ. ಎಂತ ಆದ್ವು?"

"ಊಹೆ ಸರ್ ಅದು. ಆವರಣ ಹಾಕಿದೀನಿ. ಪ್ರಶ್ನೆ ಚಿಹ್ನೆನೂ ಇದೆ."

"ಆವರಣ ನಿಲ್ಲಂಗಿಲ್ಲ ಕಣ್ರೀ. ಉದುರಿ ಹೋಗ್ತಾವೆ." ಪತ್ರಿಕೆ ಮುಚ್ಚಿ ನನ್ನ ಕೈಗಿಟ್ಟರು. "ಹಂಗಾರೆ ನನ್ನ ಹೆಸ್ರು ಬರದಿದ್ದೇ ಒಳ್ಳೇದಾತು ಬಿಡ್ರಿ. ಚುಕ್ಕೆ ತುಂಬಿದ ಕಡೆ ನನ್ನ ಹೆಸ್ರು ಬ್ಯಾಡ."

ಈ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮುಂದೆ ಯಾರಾದರೂ ಕೇಳಿದರೆ, "ನಾನು ಅವರ ಹೆಸರು ಹಾಕ್ತೀನಿ ಅಂದೆ, ಅವರೇ ಬೇಡ ಅಂದ್ರು. ಒಂದು ಊಹೆಗೂ ಒಪ್ಪದ ಮನುಷ್ಯ," ಎನ್ನುತ್ತಿದ್ದೆ. ಹೇಳುತ್ತ ಹೇಳುತ್ತ ನಾನೇ ನಂಬಿದೆ. ಎರಡು ಘಟನೆಗಳ ಜಾಗವನ್ನು ಅದಲು ಬದಲು ಮಾಡಿದರೆ ಸಾಕು, ಕಳ್ಳತನ ಗೌರವದಂತೆ ಕಾಣುತ್ತದೆ. ಈ ಬರಹಕ್ಕೆ ಕೂರುವ ಮುಂಚೆ ಹಳೆಯ ಮೇಲ್‌ಗಳನ್ನು ತೆರೆದು ನೋಡಿದೆ. ಲೇಖನ ಸೇರಿದ್ದಕ್ಕೆ ಬಂದ ರಸೀತಿ ಅಲ್ಲಿದೆ. ಲೇಖಕರು: ಒಬ್ಬರು. ಅವರು ಬೇಡ ಎಂದ ದಿನಕ್ಕೂ ಅದಕ್ಕೂ ನಡುವೆ ಒಂದು ಇಡೀ ಬೇಸಿಗೆ ಇದೆ.

ಪಟ್ಟಿ ಬಂದಾಗ ಅವರ ಹೆಸರು ಆಯ್ಕೆಯಾದವರ ಗೆರೆಯ ಒಂದು ಮೆಟ್ಟಿಲು ಕೆಳಗಿತ್ತು. ಆ ಲೇಖನ ಇದ್ದಿದ್ದರೆ ಮೇಲೆ ಬರುತ್ತಿದ್ದರೇ? ಬರುತ್ತಿದ್ದರು. ಇಲ್ಲಿ ಚುಕ್ಕೆ ಇಡುವ ಅವಕಾಶ ನನಗಿಲ್ಲ. ಅದೇ ಲೇಖನ ನನ್ನ ಬಡ್ತಿಯ ಕಡತದಲ್ಲಿದೆ.

ಆಮೇಲೆ ಅವರು ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತರು. ಆನ್‌ಲೈನ್ ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು. ಕಂಪ್ಯೂಟರನ್ನು ಆ ವಯಸ್ಸಿನಲ್ಲಿ ಕಲಿತರು. ಸಂತೆಯ ದಿನ ಒಮ್ಮೆ ಬಸ್ಸಿನಿಂದಿಳಿದಾಗ ಅವರ ದನಿ ರಸ್ತೆಗೇ ಕೇಳುತ್ತಿತ್ತು. "ಅಜ್ಜಾ, ಹೆಸ್ರು ಸರಿ ಐತಾ ನೋಡ್ಕ. ನಿನ್ನಪ್ಪನ ಹೆಸ್ರೂ ನೋಡು. ಅವಸರ ಎಂತದೂ ಇಲ್ಲ."

"ನಂಗೆಲ್ಲಿ ಓದಾಕ್ಕೆ ಬರ್ತತಿ ಮಾಸ್ತರ, ನೀವಾ ನೋಡ್ರಿ."

"ಹಂಗಾರೆ ಓದ್ತೀನಿ, ಕೇಳ್ಕ." ಗಟ್ಟಿಯಾಗಿ ಓದಿದರು. ಹಿಂದೆ ನಿಂತವರು ಗೊಣಗುತ್ತಿದ್ದರು.

ನಾನು ಆಚೆ ಬದಿಗೆ ದಾಟಿ, ಬಳೆ ಅಂಗಡಿಯ ಮುಂದೆ ನಿಂತೆ. ಬೇಡದ ಬಳೆ ಕೊಂಡೆ. ಅವರು ನನ್ನನ್ನು ಕಂಡರೋ ಇಲ್ಲವೋ... ಇಲ್ಲಿ ಚುಕ್ಕೆ ಇಡಬಹುದು.

ಅದೇ ವಾರ ಅವರ ಮೇಲ್ ಬಂತು. ವಿಷಯದ ಜಾಗ ಖಾಲಿ. "ಮೇಡಂ, ಈಗ ನನಗೂ ಮೇಲ್ ವಿಳಾಸ ಆಗಿದೆ. ಇದು ಪರೀಕ್ಷೆಗೆ ಕಳಿಸಿದ್ದು. ತಲುಪಿದರೆ ತಿಳಿಸಿ." ಆಮೇಲೆ ಉತ್ತರಿಸೋಣ ಎಂದು ಅದಕ್ಕೊಂದು ನಕ್ಷತ್ರದ ಗುರುತು ಹಾಕಿದೆ. ಗುರುತು ಇನ್ನೂ ಇದೆ. ಮೇಲ್ ತಲುಪಿತ್ತು.

ಆವರಣಗಳು ಅವರು ಹೇಳಿದಂತೆಯೇ ಉದುರಿದವು. ಎರಡನೇ ಸಲ ಲೇಖನ ಒಂದು ಸಂಕಲನದಲ್ಲಿ ಬಂದಾಗ ಪ್ರಶ್ನೆ ಚಿಹ್ನೆ ಹೋಯಿತು. ತೆಗೆದವರು ಸಂಪಾದಕರೋ ನಾನೋ, ಪ್ರೂಫ್ ನೋಡಿದ್ದಂತೂ ನಾನೇ. ಮೂರನೇ ಸಲ ಇನ್ಯಾರೋ ಉಲ್ಲೇಖಿಸಿದಾಗ ಆವರಣವೂ ಇಲ್ಲ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಅಸೈನ್‌ಮೆಂಟ್ ಬರೆದು ತಂದಳು. ಆ ಕೆರೆ ಕಟ್ಟಿಸಿದ ಹೆಂಗಸಿನ ಹೆಸರು, ಅವಳ ದಾನಬುದ್ಧಿ, ಅವಳ ಮನೆತನ, ಎಲ್ಲ ಇತ್ತು. ಎಲ್ಲಿ ಸಿಕ್ಕಿತಮ್ಮಾ ಎಂದೆ. "ಫೋನಿಗೆ ಕೇಳ್ದೆ ಮೇಡಂ. ಅದು ಎಲ್ಲ ಹೇಳುತ್ತೆ." ಅದಕ್ಕೆ ಚುಕ್ಕೆ ಇಡಲು ಯಾರೂ ಕಲಿಸಿಲ್ಲ ಎಂದು ನಗಬೇಕೆನ್ನಿಸಿತು. ಅದು ಕಲಿತದ್ದು ನನ್ನಿಂದ.

ಅವರ ಹೆಸರು ಇಲ್ಲಿ ಯಾಕಿಲ್ಲ ಎಂಬುದು ಈಗ ತಿಳಿದಿರಬೇಕು. ಚುಕ್ಕೆ ತುಂಬಿದ ಕಡೆ ಬೇಡ ಎಂದಿದ್ದರು. ಆ ಓದು ತಪ್ಪು, ಅಲ್ಲಿ ಐದು ಅಕ್ಷರ ತಿಳಿಯದು, ಲೇಖಕರು ಇಬ್ಬರು ಎಂದು ಪತ್ರಿಕೆಗೆ ಪತ್ರ ಬರೆದಿದ್ದೇನೆ. ಎರಡು ವಾರದಿಂದ ಅದು ಕಳಿಸದೆ ಕೂತಿದೆ. ದಿನಾ ತೆರೆಯುತ್ತೇನೆ, ಒಂದು ಪದ ಬದಲಿಸುತ್ತೇನೆ, ಮುಚ್ಚುತ್ತೇನೆ.

ಅವರು ತೀರಿಕೊಂಡ ಸುದ್ದಿ ನನಗೆ ಗುಂಪಿನಿಂದ ಬರಲಿಲ್ಲ, ಅವರು ಗುಂಪಿನಲ್ಲಿರಲಿಲ್ಲ. ಮಗಳು ಬಂದಳು. ಸ್ಕೂಟಿಗೆ ಅಡ್ಡಲಾಗಿ ನೀರಾವರಿಯ ದಪ್ಪ ಪೈಪಿನ ತುಂಡೊಂದನ್ನು ಕಟ್ಟಿಕೊಂಡು, ಸೊರಬದಿಂದ ಅಷ್ಟು ದೂರ. ಎರಡೂ ತುದಿಗೆ ಮುಚ್ಚಳ.

"ಅಪ್ಪ ಹೋಗ್ಬಿಟ್ರು ಮೇಡಂ. ಎದೆನೋವು ಅಂದ್ರು, ಆಸ್ಪತ್ರೆಗೆ ಮುಟ್ಟೋದ್ರೊಳಗೆ ಆಗೋತು." ಕಣ್ಣು ಒರೆಸಿಕೊಂಡಳು. "ಇವು ಅಪ್ಪನ ಅಚ್ಚು. ಇಲಿ ತಿಂತಾವೆ ಅಂತ ಪೈಪಿನಾಗೆ ಇಟ್ಟಿದ್ರು. ನಾನಿಲ್ದಿದ್ರೆ ಕಾಲೇಜಿನ ಮೇಡಂಗೆ ಕೊಡು ಅಂತಿದ್ರು."

ಸ್ಟಾಫ್ ರೂಮಿನ ಉದ್ದದ ಮೇಜಿನ ಮೇಲೆ ಮೊದಲು ಕೈಗೆ ಸಿಕ್ಕಿದ ಸುರುಳಿ ತೆಗೆದೆವು. ಅದೇ ಇತ್ತು, ಒಗೆಯುವ ಕಲ್ಲಿನದು. ಅಷ್ಟು ವರ್ಷ ಸುತ್ತಿ ಇದ್ದ ಕಾಗದ ಬಿಡಿಸಿದಷ್ಟೂ ಮತ್ತೆ ಸುತ್ತಿಕೊಳ್ಳುತ್ತಿತ್ತು. ಬೆನ್ನು ಮೇಲಾಗಿತ್ತು. ಅವಳು ಮೇಲಿನ ಅಂಚು ಒತ್ತಿ ಹಿಡಿದಳು, ನಾನು ಕೆಳಗಿನದು.

ಪೆನ್ಸಿಲಿನಲ್ಲಿ ಬರೆದದ್ದು ಅಳತೆಯಲ್ಲ. ಊರು. ಬೆಳಿಗ್ಗೆ, ಗಾಳಿ ಜಾಸ್ತಿ. ಕಲ್ಲು ತೋರಿಸಿದವರು: ಗಂಗಮ್ಮ. ಮೇಲಿನ ಅಂಚು ಹಿಡಿದವರು: ಬಸಪ್ಪ, ಎಮ್ಮೆ ಮೇಯಿಸುತ್ತಿದ್ದವರು. ಕೆಳಗಿನ ಅಂಚು ಹಿಡಿದವರು: ಹಾಲಮ್ಮ, ಒಗೆಯುವುದನ್ನು ಬಿಟ್ಟು ಬಂದರು, ಸೀರೆ ನೆನೆಯಿತು. ನೀರು ತಂದವರು: ಗಂಗಮ್ಮನ ಸೊಸೆ, ಹೆಸರು, ಆಮೇಲೆ ಎರಡು ಚುಕ್ಕೆ, ಕೇಳಲು ಮರೆತಿದ್ದಿರಬೇಕು.

ಹಾಲಮ್ಮನ ಸೀರೆ. ನಾನು ಹಾಗೆ ಹೊರಗೆ ಹೋಗುವಾಗ ಎಂದೂ ಸೀರೆ ಉಟ್ಟವಳಲ್ಲ. ಎಷ್ಟೋ ಸಭೆಗಳಲ್ಲಿ ಆ ಸೋಪಿನ ನೀರಿನ ತಂಪನ್ನು ಹೇಳುವಾಗ ಒಮ್ಮೆಯೂ ಇದು ಹೊಳೆದಿರಲಿಲ್ಲ. ಅವರು ಹೇಳಿ ನಾನು ಕೇಳಿದ ಗಾಳಿ ಅದು.

"ಇಲ್ಲಿ ನೋಡ್ರಿ ಮೇಡಂ, ನಿಮ್ಮ ಹೆಸ್ರೂ ಐತೆ!" ಮಗಳ ಮುಖ ಅರಳಿತು. ಕೈ ಬಿಡುವಂತಿರಲಿಲ್ಲವಾದ್ದರಿಂದ ಗಲ್ಲದಿಂದಲೇ ತೋರಿಸಿದಳು. ಎಲ್ಲರ ಕೆಳಗೆ, ಮರುದಿನದ ತಾರೀಖು ಹಾಕಿ, ಇನಿಷಿಯಲ್ ಸಮೇತ ನನ್ನ ಪೂರ್ತಿ ಹೆಸರು. ಅದರ ಹಿಂದೆ: ಒಣಗಿದ ಮೇಲೆ ನೋಡಲು ಬಂದವರು.

"ಅಪ್ಪ ಯಾವಾಗ್ಲೂ ಹೇಳೋರು, ಮೇಡಂ ಜೊತೆ ಒಂದು ಲೇಖನ ಮಾಡೀವಿ ಅಂತ. ನಮ್ಮನೇಲಿ ಅದು ಇಲ್ಲ ಮೇಡಂ. ಅಪ್ಪನ ಹೆಸ್ರು ಇರೋ ಪುಟ ಒಂದು ಜೆರಾಕ್ಸ್ ಸಿಕ್ಕಿದ್ರೂ ಸಾಕಿತ್ತು, ಫ್ರೇಮ್ ಹಾಕಿಸ್ತಿದ್ದೆ."

"ಹುಡುಕಿ ಕೊಡ್ತೀನಮ್ಮಾ," ಎಂದೆ. ಅಷ್ಟು ಸಲೀಸಾಗಿ.

ಅವಳು ಮತ್ತೆ ಪೆನ್ಸಿಲ್ ಸಾಲುಗಳನ್ನು ಓದುತ್ತಿದ್ದಳು. ಗಂಗಮ್ಮ, ಬಸಪ್ಪ, ಹಾಲಮ್ಮ, ನಾನು. "ಅಪ್ಪ ಒಬ್ಬರನ್ನೂ ಬಿಡ್ತಿರಲಿಲ್ಲ ನೋಡ್ರಿ," ಎಂದಳು.

ನನ್ನ ಕೈ ಸಡಿಲವಾಯಿತು. ಕೆಳಗಿನ ಅಂಚು ತಪ್ಪಿಸಿಕೊಂಡು, ಕಾಗದ ಸರಸರನೆ ಅವಳ ಕೈಯವರೆಗೆ ಸುತ್ತಿಕೊಂಡು ಹೋಯಿತು.